ಎರಡನೇ ವರ್ಷವೂ ಅವರು ಯಾಕೆ ಚಂದಾ ಕಟ್ಟಬೇಕು?

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದೆ. 14 ವರ್ಷಗಳಿಂದ ಜೇನು ಸಾಕುತ್ತಿದ್ದೇನೆ. ದುಡ್ಡು ಕೊಟ್ಟು ಸೇರುವಂಥ ಒಂದು ಆನ್‌ಲೈನ್ ಬಳಗ ಕಟ್ಟುವ ಆಸೆ. ತಲೆಯಲ್ಲಿ ಮೂರು ವಿಷಯಗಳಿವೆ: ಹೊರದೇಶದ ಮಕ್ಕಳಿಗೆ ಕನ್ನಡ, ತಿಂಗಳಿಗೊಂದು ಪುಸ್ತಕದ ಓದು, ಜೇನು ಸಾಕಣೆ. ಯಾವುದನ್ನು ಹಿಡಿಯಲಿ? ಚಂದಾ ಎಷ್ಟಿಡಲಿ? ಜೇನಿನ ಬಗ್ಗೆ ಈಗಾಗಲೇ 180 ಜನರ ಉಚಿತ ವಾಟ್ಸ್‌ಆ್ಯಪ್ ಗುಂಪು ನಡೆಸುತ್ತಿದ್ದೇನೆ, ಅದನ್ನು ಮುಚ್ಚಬೇಕೇ?’

ಮಾನ್ಯರೇ,

ಮೂರೂ ನಿಮಗೆ ಗೊತ್ತಿರುವ ವಿಷಯಗಳೇ. ಹಾಗಾಗಿ ‘ನನಗೆ ಯಾವುದು ಚೆನ್ನಾಗಿ ಬರುತ್ತದೆ’ ಎಂದು ಕೇಳಿಕೊಂಡರೆ ದಾರಿ ಕಾಣುವುದಿಲ್ಲ. ಸೇರಿದವರು ಎರಡನೇ ವರ್ಷವೂ ಯಾಕೆ ದುಡ್ಡು ಕಟ್ಟಬೇಕು ಎಂದು ಕೇಳಿಕೊಳ್ಳಿ. ಕಲಿತು ಮುಗಿಸಿ ಹೊರಡುವುದಾದರೆ ಅದು ತರಗತಿ. ಅದಕ್ಕೆ ಒಮ್ಮೆ ಶುಲ್ಕ ತೆಗೆದುಕೊಂಡು ಚೆನ್ನಾಗಿ ಕಲಿಸಿ ಕಳಿಸುವುದೇ ಮರ್ಯಾದೆ. ವರ್ಷ ವರ್ಷ ಚಂದಾ ಕೇಳುವ ಬಳಗಕ್ಕೆ ಎರಡು ಗುಣ ಬೇಕು. ಸದಸ್ಯರ ತೊಂದರೆ ಮತ್ತೆ ಮತ್ತೆ ಬರುವಂಥದ್ದಾಗಿರಬೇಕು. ಒಬ್ಬ ಸದಸ್ಯರು ಕಂಡದ್ದು ಇನ್ನೊಬ್ಬರ ಉಪಯೋಗಕ್ಕೆ ಬರಬೇಕು. ಎರಡನೆಯದು ಇಲ್ಲದಿದ್ದರೆ ನೀವೊಬ್ಬರೇ ಉತ್ತರ ಹೇಳುತ್ತಾ ಆರು ತಿಂಗಳಲ್ಲಿ ಸುಸ್ತಾಗುತ್ತೀರಿ.

ಮಕ್ಕಳ ಕನ್ನಡವನ್ನು ಈ ಒರೆಗೆ ಹಚ್ಚಿ. ದುಡ್ಡು ಕೊಡುವವರು ಅಪ್ಪ ಅಮ್ಮ, ಕೂತು ಕಲಿಯಬೇಕಾದದ್ದು ಮಗು. ಮಗುವಿಗೆ ಬೇಸರವಾದ ತಿಂಗಳೇ ಚಂದಾ ನಿಲ್ಲುತ್ತದೆ. ಅಮೆರಿಕದಲ್ಲಿ ಹಲವು ಕನ್ನಡ ಕೂಟಗಳು ಸ್ವಯಂಸೇವಕರ ನೆರವಿನಿಂದ ವಾರಾಂತ್ಯದ ಕನ್ನಡ ಶಾಲೆ ನಡೆಸುತ್ತಿವೆ, ನಿಮ್ಮ ಹೋಲಿಕೆ ಮೊದಲು ಅದರ ಜೊತೆಗೇ ನಡೆಯುತ್ತದೆ. ಸಮಯದ ತೊಡಕೂ ಸಣ್ಣದಲ್ಲ. ಬೇಸಿಗೆಯಲ್ಲಿ ನಮ್ಮ ಶನಿವಾರ ಸಂಜೆ 7:30 ಅಂದರೆ ನ್ಯೂಯಾರ್ಕಿಗೆ ಬೆಳಗ್ಗೆ 10, ಕ್ಯಾಲಿಫೋರ್ನಿಯಾಕ್ಕೆ 7, ದುಬೈಗೆ ಸಂಜೆ 6. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ದುಬೈಯವರು ಇಡುವುದಿಲ್ಲ. ಅಲ್ಲಿಗೆ ಒಂದೇ ಗುಂಪು ಎರಡಾಗುತ್ತದೆ. ಇದನ್ನು 12 ವಾರದ ತರಗತಿಯಾಗಿ, ಒಂದೇ ದೇಶದ ಎಂಟು ಹತ್ತು ಮಕ್ಕಳಿಗೆ ಮಾಡಿ. ಬಳಗವಾಗಿ ಬೇಡ.

ಪುಸ್ತಕದ ಓದು ಮನಸ್ಸಿಗೆ ಹತ್ತಿರದ್ದು, ಕೇಳಿದವರೆಲ್ಲ ‘ಆಹಾ’ ಅನ್ನುತ್ತಾರೆ. ಆದರೆ ಪುಸ್ತಕ ಓದದೆ ಹೋದರೆ ಯಾರಿಗೂ ನಷ್ಟವಿಲ್ಲ. ಮೂರನೇ ತಿಂಗಳಿಗೆ ಅರ್ಧದಷ್ಟು ಜನ ಪುಸ್ತಕ ತೆರೆಯದೆ ಬಂದು ಕೂರುತ್ತಾರೆ, ನಾಲ್ಕನೆಯದಕ್ಕೆ ಸಂಕೋಚದಿಂದ ಬರುವುದೇ ಇಲ್ಲ. 12 ಜನ ಮೀರದಂತೆ, ದುಡ್ಡಿಲ್ಲದೆ, ಪ್ರೀತಿಯಿಂದ ನಡೆಸುವ ಕೆಲಸ ಅದು.

ಉಳಿದದ್ದು ಜೇನು. ನಮ್ಮ ಸಲಹೆ ಅದೇ, ಆದರೆ ‘ಜೇನು ಸಾಕಣೆ’ ಎಂಬಷ್ಟು ಅಗಲವಾಗಿ ಬೇಡ. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹೊಲದಿಂದ ಹೊಲಕ್ಕೆ ನೂರಾರು ಪೆಟ್ಟಿಗೆ ಸಾಗಿಸುವ ಮೆಲ್ಲಿಫೆರಾ (ಯುರೋಪಿನ ಜೇನು) ಸಾಕಣೆದಾರರ ಲೆಕ್ಕವೇ ಬೇರೆ, ಅಡಿಕೆ ತೋಟದ ಅಂಚಿನಲ್ಲಿ ನಾಲ್ಕು ತುಡುವೆ (ನಮ್ಮ ನಾಡಿನ ಜೇನು) ಪೆಟ್ಟಿಗೆ ಇಟ್ಟವರ ಪಾಡೇ ಬೇರೆ. ಇಬ್ಬರನ್ನೂ ಒಂದೇ ಕಡೆ ಕೂರಿಸಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹತ್ತದು. ‘ಮಲೆನಾಡು, ಕರಾವಳಿಯಲ್ಲಿ 2ರಿಂದ 10 ಪೆಟ್ಟಿಗೆ ತುಡುವೆ ಇಟ್ಟವರು’ ಎಂದು ಗೆರೆ ಹಾಕಿ. ಪೆಟ್ಟಿಗೆಯೇ ಇಲ್ಲದವರು ಕುತೂಹಲಕ್ಕೆ ಬಂದು ಹೋಗುತ್ತಾರೆ. ನೂರು ಪೆಟ್ಟಿಗೆ ಇಟ್ಟವರಿಗೆ ನಿಮ್ಮ ಅಗತ್ಯವಿಲ್ಲ. ನಡುವಿನವರು ದುಡ್ಡು ಹಾಕಿದ್ದಾರೆ, ಮಳೆಗಾಲದಲ್ಲಿ ಒಂದೆರಡು ಜೇನು ಕುಟುಂಬ (ಪೆಟ್ಟಿಗೆಯೊಳಗಿನ ಇಡೀ ಹಿಂಡು) ಕಳೆದುಕೊಂಡು ನೊಂದಿದ್ದಾರೆ, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ.

ವಿಷಯಕ್ಕೆ ವರ್ಷಪೂರ್ತಿ ಕಸುವಿದೆಯೇ ಎಂದು ನೋಡಲು ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಹೆಸರು ಬರೆದು, ಆಯಾ ತಿಂಗಳು ಸದಸ್ಯರ ಕೈಯಲ್ಲಿ ಇರುವ ಕೆಲಸವನ್ನು ಎದುರಿಗೆ ಬರೆಯಿರಿ. ನೀವು ಕಲಿಸಬೇಕೆಂದಿರುವ ಪಾಠವನ್ನಲ್ಲ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಪೆಟ್ಟಿಗೆ ತೆರೆದು ರಾಣಿ ಮೊಟ್ಟೆ ಇಡುತ್ತಿದೆಯೇ ನೋಡುವುದು, ಕಪ್ಪಾದ ಹಳೆಯ ಎರಿ (ಜೇನುಗೂಡಿನ ಮೇಣದ ತಟ್ಟೆ), ಮೇಣದ ಹುಳು ಹಿಡಿದ ಎರಿ ತೆಗೆಯುವುದು. ಚಳಿಗಾಲದಲ್ಲಿ ಕುಟುಂಬ ಬೆಳೆದು ಹೊಸ ರಾಣಿಗೆ ಕೋಶ ಕಟ್ಟಿದಾಗ, ಹಿಂಡು ಒಡೆದು ಹಾರಿ ಹೋಗುವ ಮುಂಚೆ ಕುಟುಂಬವನ್ನು ಪಾಲು ಮಾಡುವುದು. ಬೇಸಿಗೆ ಹೊತ್ತಿಗೆ ತುಪ್ಪ ತುಂಬಲು ಪೆಟ್ಟಿಗೆಯ ಮೇಲೆ ಜೇನು ಕೋಣೆ ಏರಿಸಿ, ಮೇಣ ಮುಚ್ಚಿದ ಎರಿಯಿಂದಷ್ಟೇ ತುಪ್ಪ ತೆಗೆಯುವುದು. ಮುಚ್ಚದ ಎರಿಯ ತುಪ್ಪದಲ್ಲಿ ನೀರಿನಂಶ ಹೆಚ್ಚು, ಬಾಟಲಿಯಲ್ಲೇ ಹುಳಿ ಬರುತ್ತದೆ. ಜೂನ್‌ನಿಂದ ಹೊರಗೆ ಹೂವು ಕಡಿಮೆ, ಸಕ್ಕರೆ ನೀರು ಸಮಸಮ ಬೆರೆಸಿದ ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯೊಳಗೆ ಇಡಬೇಕು. ಹಗಲಲ್ಲಿ ಇಟ್ಟರೆ, ಹೊರಗೆ ಚೆಲ್ಲಿದರೆ ಪಕ್ಕದ ಕುಟುಂಬದ ನೊಣಗಳು ನುಗ್ಗಿ ದೋಚುತ್ತವೆ. ಸ್ಟ್ಯಾಂಡಿನ ಕಾಲಡಿಯ ಬಟ್ಟಲಲ್ಲಿ ನೀರು ಆರಿದರೆ ಇರುವೆ. ನೋಡಿ, ಒಂದು ತಿಂಗಳೂ ಖಾಲಿ ಉಳಿಯಲಿಲ್ಲ, ಮುಂದಿನ ಅಕ್ಟೋಬರಿಗೆ ಇದೇ ಕೆಲಸ ಮತ್ತೆ ಎದುರಿಗೆ ಬರುತ್ತದೆ. ಪುಸ್ತಕದ ಓದಿಗೆ ಇದೇ ಹಾಳೆ ಬರೆದರೆ ಹನ್ನೆರಡೂ ಸಾಲಿನಲ್ಲಿ ‘ಓದುವುದು’ ಎಂದಷ್ಟೇ ಇರುತ್ತದೆ.

ಎರಡನೇ ಗುಣವೂ ಇಲ್ಲಿದೆ. 1990ರ ದಶಕದ ಆರಂಭದಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ್ದು ಹಳಬರಿಗೆ ನೆನಪಿರುತ್ತದೆ. ಅಂಥ ಹೊತ್ತಿನಲ್ಲಿ ಸಾಗರದಲ್ಲಿ ಒಬ್ಬರು ಎರಿಯಲ್ಲಿ ಸತ್ತ ಮರಿಹುಳು ಕಂಡು ಫೋಟೊ ಹಾಕಿದರೆ ಸಿದ್ದಾಪುರದವರು ಆವತ್ತೇ ತಮ್ಮ ಪೆಟ್ಟಿಗೆ ನೋಡಿಕೊಳ್ಳುತ್ತಾರೆ. ಸದಸ್ಯರು ಸದಸ್ಯರಿಗೇ ಹೇಳುವ ಸುದ್ದಿಗೆ ಇಂಥ ಬೆಲೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಚಂದಾದಾರರನ್ನು ಉಳಿಸಿಕೊಂಡದ್ದು ಇದೇ ನೆಲದಲ್ಲಿ. ನಿಮ್ಮದು ಅದೇ ಕೆಲಸ, ಫೋನಿನಲ್ಲಿ.

ಇಷ್ಟಾದರೂ ಇದು ನಮ್ಮ ಊಹೆಯೇ, ಪರೀಕ್ಷೆ ಆಗಬೇಕು. ಗುಂಪಿನಿಂದ 15 ಜನರನ್ನು ಆರಿಸಿ ಒಬ್ಬೊಬ್ಬರಿಗೂ ಫೋನ್ ಮಾಡಿ. ‘ಹೀಗೊಂದು ಬಳಗ ಮಾಡಿದರೆ ಸೇರುತ್ತೀರಾ’ ಎಂದು ಮಾತ್ರ ಕೇಳಬೇಡಿ. ನಮ್ಮ ಜನ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ, ಅದರಲ್ಲೂ ಮೇಷ್ಟ್ರು ಕೇಳಿದರೆ. ಆಗಿಹೋದದ್ದನ್ನು ಕೇಳಿ: ಕಳೆದ ವರ್ಷ ಎಷ್ಟು ಕುಟುಂಬ ಹೋಯಿತು? ಆಗ ಯಾರನ್ನು ಕೇಳಿದಿರಿ? ಹೊಸ ಕುಟುಂಬಕ್ಕೆ ಎಷ್ಟು ಕೊಟ್ಟಿರಿ? ತರಬೇತಿಗೆ ಯಾವಾಗಲಾದರೂ ದುಡ್ಡು ಕಟ್ಟಿದ್ದೀರಾ? ಹದಿನೈದರಲ್ಲಿ ಎಂಟು ಜನರಾದರೂ ಒಂದೇ ತೊಂದರೆಯನ್ನು ತಾವಾಗಿಯೇ ಎತ್ತಿದರೆ, ಅದಕ್ಕಾಗಿ ಖರ್ಚು ಮಾಡಿದ್ದರೆ, ವಿಷಯ ಗಟ್ಟಿ. ಅವರು ಆ ತೊಂದರೆಗೆ ಬಳಸಿದ ಮಾತನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ಆಹ್ವಾನದಲ್ಲಿ ಹಾಕಬೇಕಾದದ್ದು ಆ ಮಾತು.

ಆಮೇಲೆ ಮುಂಗಡ. ಸೆಪ್ಟೆಂಬರ್ ಮೊದಲ ವಾರ ತಿಳಿಸಿ, 30ರೊಳಗೆ 20 ಜನ ದುಡ್ಡು ಕಟ್ಟಿದರೆ ಅಕ್ಟೋಬರಿನಲ್ಲಿ ಶುರು, ಇಲ್ಲದಿದ್ದರೆ ಅದೇ ವಾರ ವಾಪಸು. ವೆಬ್‌ಸೈಟು, ಆ್ಯಪು, ಲೋಗೊ ಯಾವುದಕ್ಕೂ ಅದಕ್ಕೆ ಮುಂಚೆ ಕೈಹಾಕಬೇಡಿ.

ಚಂದಾ ತಿಂಗಳಿಗೆ ಬೇಡ, ವರ್ಷಕ್ಕಿರಲಿ. ಕಾರಣ ಲೆಕ್ಕದಲ್ಲೇ ಇದೆ. ತಿಂಗಳಿಗೆ ನೂರಕ್ಕೆ 10 ಜನ ಬಿಟ್ಟರೆ ಇಂದಿನ 100 ಸದಸ್ಯರಲ್ಲಿ ವರ್ಷದ ಕೊನೆಗೆ ಉಳಿಯುವವರು 28. ನೂರಕ್ಕೆ 5 ಬಿಟ್ಟರೆ 54. ಪ್ರತಿ ತಿಂಗಳು 6 ಹೊಸಬರು ಬರುತ್ತಿದ್ದು ನೂರಕ್ಕೆ 10 ಬಿಡುತ್ತಿದ್ದರೆ ನೀವು ಎಷ್ಟು ಒದ್ದಾಡಿದರೂ ಬಳಗ 60 ದಾಟುವುದಿಲ್ಲ. ಜೊತೆಗೆ ಯುಪಿಐ ಆಟೊಪೇ (ಖಾತೆಯಿಂದ ತಾನಾಗಿ ಹಣ ಕಡಿತ) ಇಟ್ಟರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಕಡಿತಕ್ಕೂ 24 ಗಂಟೆ ಮುಂಚೆ ಸದಸ್ಯರಿಗೆ ಸೂಚನೆ ಹೋಗಬೇಕು. ತಿಂಗಳ ಚಂದಾ ಅಂದರೆ ವರ್ಷಕ್ಕೆ ಹನ್ನೆರಡು ಸಲ ‘ಇದು ಬೇಕೇ’ ಎಂದು ಕೇಳಿದ ಹಾಗೆ. ತುಪ್ಪ ಸಿಗದ ಜುಲೈಯಲ್ಲಿ ಅವರು ‘ಬೇಡ’ ಅಂದುಬಿಡುತ್ತಾರೆ, ಸಲಹೆ ಹೆಚ್ಚು ಬೇಕಾದದ್ದೂ ಆಗಲೇ.

ವರ್ಷಕ್ಕೆ 2,400 ರೂಪಾಯಿ ಇಡಿ. ಒಂದು ಕುಟುಂಬ ಸಾಯದೆ ಉಳಿದರೆ ಅದರಲ್ಲಿ ಬಹುಪಾಲು ಹುಟ್ಟುತ್ತದೆ. 60 ಜನರಿಂದ 1,44,000. ಆನ್‌ಲೈನಿನಲ್ಲಿ ಹಣ ಪಡೆದು ಕೊಡುವ ಪಾವತಿ ಗೇಟ್‌ವೇ ಶುಲ್ಕ ಶೇ 2 ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿದರೆ ಸುಮಾರು 3,400 ಕಳೆಯುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ, ಆದರೆ ಈ ಆದಾಯವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಇನ್ನು ನಿಮ್ಮ ಹೊತ್ತು: 60 ಜನ ತಿಂಗಳಿಗೆ ಎರಡು ಪ್ರಶ್ನೆ ಕೇಳಿ, ಒಂದಕ್ಕೆ 10 ನಿಮಿಷ ಹಿಡಿದರೆ 20 ಗಂಟೆ. ಇದನ್ನು ಇಳಿಸಲು ಒಂದು ಕಟ್ಟು ಹಾಕಿ: ಪ್ರಶ್ನೆ ಎಲ್ಲರ ಎದುರಿಗೇ ಕೇಳಬೇಕು, ಎರಿಯ ಫೋಟೊ ಮತ್ತು ಊರಿನ ಹೆಸರು ಇರಬೇಕು, ಖಾಸಗಿ ಕರೆಗೆ ಉತ್ತರವಿಲ್ಲ. ಉತ್ತರಿಸುವ ಮುಂಚೆ ಅರ್ಧ ದಿನ ಕಾಯಿರಿ. ಬೇರೆ ಸದಸ್ಯರು ಹೇಳಲಿ, ತಪ್ಪಿದ್ದರೆ ಮಾತ್ರ ನೀವು ತಿದ್ದಿ.

ಜಾಗಕ್ಕೆ ವಾಟ್ಸ್‌ಆ್ಯಪ್ ಸಾಕು, ಆದರೆ ಅಲ್ಲಿ ಎರಡು ಕುಂದುಗಳಿವೆ. ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳು ಸೇರುವ ಮುಂಚೆ ಇದನ್ನು ಹೇಳಿಬಿಡಿ. ಒಳ್ಳೆಯ ಉತ್ತರ ಎರಡು ದಿನದಲ್ಲಿ ‘ಶುಭೋದಯ’ಗಳಡಿ ಹೂತುಹೋಗುತ್ತದೆ. ವಾರಕ್ಕೊಮ್ಮೆ ಉಪಯುಕ್ತವಾದ ನಾಲ್ಕೈದನ್ನು ತೆಗೆದು ತಿಂಗಳವಾರು ಒಂದು ಗೂಗಲ್ ಡಾಕ್‌ನಲ್ಲಿ ಸೇರಿಸುತ್ತಾ ಬನ್ನಿ. ಎರಡನೇ ವರ್ಷ ಜನ ಚಂದಾ ಕಟ್ಟುವುದು ಅರ್ಧ ಆ ಕಡತಕ್ಕೇ. ‘ರೋಗ’, ‘ಮಾರಾಟ’, ‘ಹರಟೆ’ ಎಂದು ಉಪಗುಂಪು ಒಡೆಯಬೇಡಿ. ಐವತ್ತು ಜನರಾಗುವವರೆಗೆ ಒಂದೇ ಕೋಣೆ, ಇಲ್ಲದಿದ್ದರೆ ಎಲ್ಲವೂ ಬಣಗುಟ್ಟುತ್ತವೆ.

ಉಚಿತ ಗುಂಪನ್ನು ಮುಚ್ಚಬೇಡಿ. ಕೊಟ್ಟದ್ದನ್ನು ಕಿತ್ತುಕೊಂಡಂತೆ ಆಗುತ್ತದೆ, ಹೊಸ ಸದಸ್ಯರು ಬರುವುದೂ ಅಲ್ಲಿಂದಲೇ. ಸಾಮಾನ್ಯ ಮಾತು ಅಲ್ಲೇ ನಡೆಯಲಿ. ಫೋಟೊ ನೋಡಿ ಹೇಳುವುದು, ತಿಂಗಳಿಗೆರಡು ವಿಡಿಯೊ ಸಭೆ, ಕಡತ, ಇವು ಚಂದಾದಾರರಿಗೆ. ಒಂದನ್ನು ಮಾತ್ರ ಎಂದೂ ದುಡ್ಡಿನ ಬಾಗಿಲ ಹಿಂದೆ ಇಡಬೇಡಿ: ರೋಗದ ಸುದ್ದಿ. ಎಲ್ಲಾದರೂ ಕಂಡುಬಂದರೆ ಊರಿನ ಹೆಸರಿನೊಂದಿಗೆ ಎರಡೂ ಗುಂಪಿಗೆ ಆ ಗಳಿಗೆಯಲ್ಲೇ ಹಾಕಿ. ಚಂದಾ ಕಟ್ಟದವರ ಪೆಟ್ಟಿಗೆಯ ನೊಣವೂ ಚಂದಾದಾರರ ತೋಟದ ಹೂವಿಗೇ ಬರುತ್ತದೆ.

— ಸಂಪಾದಕರು