ಏರಿತು ಅಂದ್ರೆ ಎಲ್ಲಿಂದ ಏರಿತು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಏನೋ ಏರಿದೆ, ಇಲ್ಲವೇ ಇಳಿದಿದೆ. ಶುಗರ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಇಲಿಯ ತೂಕ, ಜೀನ್‌ನ ಮಟ್ಟ. ಎಷ್ಟು ಪರ್ಸೆಂಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಎಷ್ಟಿದ್ದದ್ದು ಎಷ್ಟಾಯಿತು ಅಂತ ಬರೆದಿರುವುದಿಲ್ಲ. ವೈದ್ಯಕೀಯ ಸಂಶೋಧನೆಯ ಅಂಕಿಅಂಶ ನೋಡುವುದು ನನ್ನ ಕೆಲಸ. ನಾನು ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ. ದಯವಿಟ್ಟು ಸ್ಕ್ಯಾನಿಂಗ್ ರಿಪೋರ್ಟ್ ಕಳಿಸಬೇಡಿ. ಸರಾಸರಿ ಅಂದ್ರೇನು, ಕಂಟ್ರೋಲ್ ಗುಂಪು ಯಾಕೆ ಬೇಕು ಅಂತಲೂ ಇಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೆ ಪುಸ್ತಕಗಳಿವೆ.

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಒಬ್ಬರು ಬೇರಿನ ಪುಡಿ ಮಾರುತ್ತಾರೆ. ‘ಹದಿನೈದೇ ದಿನದಲ್ಲಿ ಶುಗರ್ ಶೇ 300 ಕಡಿಮೆ’ ಅಂತ ಬೋರ್ಡ್ ಹಾಕಿದ್ದಾರೆ. ತಗೊಳ್ಳಬಹುದಾ? (ಓದುಗರು, ಮದ್ದೂರು)

ಶೇ 100 ಇಳಿದರೇ ರಕ್ತದಲ್ಲಿ ಸಕ್ಕರೆ ಸೊನ್ನೆ. ಆಮೇಲೂ ಇನ್ನು 200 ಇಳಿಸ್ತೀನಿ ಅನ್ನುವವನ ಹತ್ತಿರ ಬೆಂಕಿಪೊಟ್ಟಣ ಕೂಡ ಕೊಳ್ಳಬೇಡಿ. ಮಾತ್ರೆ ನಿಲ್ಲಿಸಿ ಈಗಾಗಲೇ ಪುಡಿ ಶುರು ಮಾಡಿದ್ದರೆ ನಾಳೆ ಬೆಳಿಗ್ಗೆಯೇ ನಿಮ್ಮ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಒಂದು ಸಸ್ಯದ ಸಾರವನ್ನು ಜೀವಕೋಶಗಳಿಗೆ ಹಾಕಿ, ಒಂದು ಜೀನ್‌ನ ಮಟ್ಟವನ್ನು ರಿಯಲ್ ಟೈಮ್ ಪಿಸಿಆರ್‌ನಲ್ಲಿ ಅಳೆದೆ. ಮೂರು ಸಲ ಮಾಡಿದೆ. ಕಂಟ್ರೋಲ್‌ಗೆ ಹೋಲಿಸಿದರೆ 4 ಪಟ್ಟು, 1 ಪಟ್ಟು, 0.25 ಪಟ್ಟು ಬಂತು. ಸರಾಸರಿ 1.75. ‘ಶೇ 75ರಷ್ಟು ಏರಿಕೆ’ ಅಂತ ಥೀಸಿಸ್‌ನಲ್ಲಿ ಬರೆದಿದ್ದೇನೆ. ಗೈಡ್ ಒಪ್ಪಿದ್ದಾರೆ. ಆದರೆ ಪಕ್ಕದ ವಿಭಾಗದ ಮೇಷ್ಟ್ರೊಬ್ಬರು ನೋಡಿ ನಕ್ಕರು. ಯಾಕೆ? (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ನಕ್ಕವರು ಸರಿಯಾಗೇ ನಕ್ಕಿದ್ದಾರೆ ತಾಯಿ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಪ್ರತಿ ವರ್ಷ ಬರುತ್ತದೆ. ಈ ಸಲ ಪೂರ್ತಿ ಹೇಳಿ ಮುಗಿಸುತ್ತೇನೆ.

ಒಂದು ಕೆಲಸ ಮಾಡಿ. ಭಾಗಾಕಾರವನ್ನು ತಿರುಗಿಸಿ. ಸಾರ ಹಾಕಿದ್ದನ್ನು ಕಂಟ್ರೋಲ್‌ನಿಂದ ಭಾಗಿಸಿದ್ದಿರಿ, ಈಗ ಕಂಟ್ರೋಲನ್ನು ಸಾರ ಹಾಕಿದ್ದರಿಂದ ಭಾಗಿಸಿ. 4 ಇದ್ದದ್ದು 0.25 ಆಗುತ್ತದೆ, 1 ಹಾಗೇ ಇರುತ್ತದೆ, 0.25 ಇದ್ದದ್ದು 4 ಆಗುತ್ತದೆ. ಸರಾಸರಿ? ಮತ್ತೆ 1.75. ಅಂದರೆ ಸಾರ ಹಾಕಿದಾಗ ಜೀನ್ ಶೇ 75 ಜಾಸ್ತಿ, ಹಾಕದೇ ಇದ್ದಾಗಲೂ ಶೇ 75 ಜಾಸ್ತಿ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವಾ? ನಿಮ್ಮ ಏರಿಕೆ ಜೀವಕೋಶದಲ್ಲಿ ಇಲ್ಲವೇ ಇಲ್ಲ. ನೀವು ಸರಾಸರಿ ತೆಗೆದ ರೀತಿಯಲ್ಲಿ ಇದೆ.

ಕಾರಣ ಸರಳ. ಇಳಿಕೆಗೆ ನೆಲ ಇದೆ, ಏರಿಕೆಗೆ ಚಾವಣಿ ಇಲ್ಲ. ಪಟ್ಟಿನ ಲೆಕ್ಕದಲ್ಲಿ ಎಲ್ಲ ಇಳಿಕೆಗಳೂ 0 ಮತ್ತು 1ರ ನಡುವೆ ಒತ್ತಿಕೊಂಡು ಕೂತಿರುತ್ತವೆ. ಏರಿಕೆಗಳು 1ರಿಂದ ಎಷ್ಟು ದೂರ ಬೇಕಾದರೂ ಹೋಗುತ್ತವೆ. ಹಾಗಾಗಿ ಸುಮ್ನೆ ಕೂಡಿಸಿ ಭಾಗಿಸಿದರೆ ಏರಿಕೆಯೇ ಯಾವಾಗಲೂ ಗೆಲ್ಲುತ್ತದೆ. ಶೇಕಡಾ ಲೆಕ್ಕದಲ್ಲೂ ಇದೇ ಕಥೆ. 100ರಿಂದ ಶೇ 40 ಇಳಿಸಿದರೆ 60. ಅಲ್ಲಿಂದ ಶೇ 40 ಏರಿಸಿದರೆ 84. ವಾಪಸ್ 100ಕ್ಕೆ ಬರಲಿಲ್ಲ.

ಇದಕ್ಕೆ ಮದ್ದು ಲಾಗ್. 2ರ ಲಾಗ್ ತಗೊಂಡರೆ 4 ಪಟ್ಟು ಅಂದರೆ +2, ಕಾಲು ಭಾಗ ಅಂದರೆ −2, ಏನೂ ಬದಲಾಗದಿದ್ದರೆ 0. ಏರಿದ್ದಕ್ಕೂ ಇಳಿದದ್ದಕ್ಕೂ ಒಂದೇ ಅಳತೆ. ನಿಮ್ಮ ಮೂರು ಪ್ರಯೋಗಗಳ ಸರಾಸರಿ ಸೊನ್ನೆ. ಲಾಗ್ ಬಿಚ್ಚಿದರೆ 1 ಪಟ್ಟು. ಲಾಗ್ ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ಡೆಸಿಬೆಲ್‌ನಲ್ಲಿ. ಅದೂ ಲಾಗ್ ಅಳತೆಯೇ. ಅಲ್ಲಿ 10 ಡೆಸಿಬೆಲ್ ಏರಿತು ಅಂದರೆ ಶಬ್ದದ ಶಕ್ತಿ 10 ಪಟ್ಟು ಆಯಿತು ಅಂತ. ರಕ್ತದ ಪಿಎಚ್ 7.4ರಿಂದ 7.1ಕ್ಕೆ ಇಳಿಯಿತು ಅಂದರೆ ಹೈಡ್ರೋಜನ್ ಅಯಾನು ದುಪ್ಪಟ್ಟಾಯಿತು ಅಂತ. ನೀವು ದಿನಾ ಬಳಸುವ ಅಳತೆಗಳೇ ಇವು.

ತಮಾಷೆ ಏನು ಗೊತ್ತಾ? ನಿಮ್ಮ ಯಂತ್ರ ಉತ್ತರ ಕೊಟ್ಟದ್ದೇ ಲಾಗ್‌ನಲ್ಲಿ. ಪಿಸಿಆರ್ ಯಂತ್ರ ಡಿಎನ್‌ಎಯನ್ನು ಸುತ್ತು ಸುತ್ತಾಗಿ ಹೆಚ್ಚಿಸುತ್ತಾ ಅದರ ಹೊಳಪು ಅಳೆಯುತ್ತದೆ. ಸಿಟಿ ಮೌಲ್ಯ ಅಂದರೆ ಎಷ್ಟನೇ ಸುತ್ತಿನಲ್ಲಿ ಹೊಳಪು ಗೆರೆ ದಾಟಿತು ಅನ್ನುವ ಲೆಕ್ಕ. ಪ್ರತಿ ಸುತ್ತಿಗೂ ಡಿಎನ್‌ಎ ದುಪ್ಪಟ್ಟಾಗುತ್ತದೆ. ಕಂಟ್ರೋಲ್‌ನಲ್ಲಿ ನಿಮ್ಮ ಜೀನ್ 26, ಹೋಲಿಕೆಗೆ ಇಟ್ಟ, ಬದಲಾಗಬಾರದ ರೆಫರೆನ್ಸ್ ಜೀನ್ 18 ಅಂದುಕೊಳ್ಳಿ. ವ್ಯತ್ಯಾಸ 8. ಸಾರ ಹಾಕಿದ್ದರಲ್ಲಿ 24 ಮತ್ತು 18. ವ್ಯತ್ಯಾಸ 6. ಎರಡು ಸುತ್ತು ಬೇಗ ಬಂತು, ಅದಕ್ಕೇ 4 ಪಟ್ಟು. ಮೂರನೇ ಪ್ರಯೋಗದಲ್ಲಿ ಎರಡು ಸುತ್ತು ತಡವಾಯಿತು, ಅದಕ್ಕೇ ಕಾಲು ಭಾಗ. ಸರಾಸರಿಯನ್ನೂ, ವ್ಯತ್ಯಾಸ ಆಕಸ್ಮಿಕವಾ ಅಂತ ನೋಡುವ ಟಿ-ಟೆಸ್ಟನ್ನೂ ಈ ಸುತ್ತುಗಳ ವ್ಯತ್ಯಾಸದ ಮೇಲೇ ಮಾಡಿ. ಎಲ್ಲ ಮುಗಿದ ಮೇಲೆ, ಓದುವವರಿಗೆ ಅರ್ಥವಾಗಲಿ ಅಂತ ಕೊನೆಯಲ್ಲಿ ಒಂದೇ ಒಂದು ಸಲ ಪಟ್ಟಿಗೆ ಬದಲಾಯಿಸಿ. ಈ ವಿಧಾನದ ಬಗ್ಗೆ 2001ರಲ್ಲಿ ಲಿವಾಕ್ ಮತ್ತು ಶ್ಮಿಟ್‌ಜೆನ್ ಬರೆದ ಪ್ರಬಂಧವನ್ನು ಥೀಸಿಸ್‌ನಲ್ಲಿ ಉಲ್ಲೇಖಿಸದವರಿಲ್ಲ. ಓದಿದವರು ಎಷ್ಟು ಜನ ಅಂತ ಕೇಳಬಾರದು.

ದುಪ್ಪಟ್ಟಾಗುತ್ತದೆ ಅಂದೆನಲ್ಲ, ಅದೂ ನಕಲು ಶುರು ಮಾಡಿಸುವ ಡಿಎನ್‌ಎ ತುಣುಕು, ಅಂದರೆ ನಿಮ್ಮ ಪ್ರೈಮರ್, ಸರಿ ಇದ್ದರೆ ಮಾತ್ರ. ದಕ್ಷತೆ ಶೇ 90 ಇದ್ದರೆ ಪ್ರತಿ ಸುತ್ತಿಗೆ 1.9 ಪಟ್ಟು. ಹತ್ತು ಸುತ್ತಿನ ವ್ಯತ್ಯಾಸಕ್ಕೆ ನೀವು 1024 ಪಟ್ಟು ಅಂತ ಬರೆಯುತ್ತೀರಿ, ನಿಜವಾಗಿ ಆಗಿರುವುದು ಸುಮಾರು 613. ಸ್ಯಾಂಪಲ್ಲನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಸ್ಟ್ಯಾಂಡರ್ಡ್ ಕರ್ವ್ ಹಾಕಿ. ಗೆರೆಯ ಇಳಿಜಾರು, ಪೂರ್ತಿ ದುಪ್ಪಟ್ಟಾದರೆ ಬರಬೇಕಾದ −3.32ರ ಹತ್ತಿರ ಇದೆಯಾ ನೋಡಿ. ಒಂದು ಮಧ್ಯಾಹ್ನದ ಕೆಲಸ. ಯಾರೂ ಮಾಡಲ್ಲ.

ಇನ್ನೊಂದು ಚಾಳಿಯೂ ಇದೆ. ಯಂತ್ರ ‘ಸಿಗಲಿಲ್ಲ’ ಅಂದ ಕಡೆಯಲ್ಲಿ ಕೊನೆಯ ಸುತ್ತಿನ ಸಂಖ್ಯೆ 40 ಅಂತ ತುಂಬಿಸಿ, ‘ಸಾವಿರಾರು ಪಟ್ಟು ಇಳಿಕೆ’ ಅಂತ ಘೋಷಿಸುವುದು. ಸಿಗದೇ ಇದ್ದದ್ದಕ್ಕೆ ಪಟ್ಟು ಇಲ್ಲ. ಕಂಡುಬರಲಿಲ್ಲ ಅಂತ ಬರೆಯಿರಿ, ಸಾಕು.

ಈಗ ನಿಜವಾದ ಸಮಸ್ಯೆಗೆ ಬರೋಣ. ಲಾಗ್ ಸರಾಸರಿ ಸೊನ್ನೆ ಬಂತು ಅಂತ ‘ಏನೂ ಬದಲಾವಣೆ ಇಲ್ಲ’ ಅಂತ ಬರೆದುಬಿಡಬೇಡಿ. ಒಂದೇ ಪ್ರಯೋಗ ಒಂದು ಸಲ 4, ಇನ್ನೊಂದು ಸಲ 0.25 ಕೊಟ್ಟಿದೆ. ನಡುವೆ 16 ಪಟ್ಟು ಅಂತರ. ಇದರಿಂದ ಏರಿಕೆಯೂ ಸಾಬೀತಾಗಲ್ಲ, ಇಳಿಕೆಯೂ ಆಗಲ್ಲ, ಬದಲಾಗಿಲ್ಲ ಅನ್ನುವುದೂ ಆಗಲ್ಲ. ಜೀವಕೋಶದಿಂದ ತೆಗೆದ ಆರ್‌ಎನ್‌ಎ ಕೆಟ್ಟಿತ್ತಾ? ರೆಫರೆನ್ಸ್ ಜೀನ್ ತಾನೇ ಸಾರಕ್ಕೆ ಕುಣಿಯುತ್ತಿದೆಯಾ? ಮೂರು ಸಲ ಅಂದದ್ದು ಬೇರೆ ಬೇರೆ ದಿನ ಬೆಳೆಸಿದ ಜೀವಕೋಶಗಳಾ, ಅಥವಾ ಒಂದೇ ಪ್ಲೇಟಿನ ಮೂರು ಗುಳಿಗಳಾ? ಎರಡನೆಯದಾದರೆ ಅದು ಮೂರು ಪ್ರಯೋಗ ಅಲ್ಲ, ಒಂದೇ ಪ್ರಯೋಗ. ಇದನ್ನೆಲ್ಲ ನೋಡಿಕೊಂಡು ಮತ್ತೆ ಮಾಡಿ. ಗ್ರಾಫನ್ನು ಲಾಗ್ ಅಕ್ಷದಲ್ಲಿ ಹಾಕಿ, 1ರ ಹತ್ತಿರ ಗೆರೆ ಎಳೆಯಿರಿ, ಪ್ರತಿ ಪ್ರಯೋಗಕ್ಕೂ ಒಂದು ಚುಕ್ಕೆ ಇಡಿ. ದಪ್ಪ ಬಾರ್‌ಗಳ ಹಿಂದೆ ಚುಕ್ಕೆಗಳನ್ನು ಬಚ್ಚಿಡುವವರನ್ನು ಕಂಡರೆ ನನಗೆ ಅನುಮಾನ.

ಗೈಡ್‌ಗೆ ಇದನ್ನು ಹೇಗೆ ಹೇಳುವುದು ಅಂತ ಕೇಳಬೇಡಿ. ಆ ವಿದ್ಯೆ ನನಗೂ ಬರಲ್ಲ.

ಪ್ರಶ್ನೆ: ನಮ್ಮ ತಂದೆಯವರ ಕ್ರಿಯಾಟಿನಿನ್ 0.9 ಇದ್ದದ್ದು 1.0 ಆಗಿದೆ. ಶೇ 11 ಏರಿಕೆ. ಅಂದರೆ ಕಿಡ್ನಿ ಶೇ 11 ಹಾಳಾಯಿತಾ? (ಓದುಗರು, ಪಾಂಡವಪುರ)

ಇಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ. ಅಷ್ಟು ಆಚೀಚೆ ನೀರು ಕುಡಿದದ್ದು, ಹಿಂದಿನ ದಿನ ಮಾಂಸ ತಿಂದದ್ದು, ಲ್ಯಾಬ್ ಬದಲಾದದ್ದು, ಯಾವುದರಿಂದಲೂ ಆಗುತ್ತದೆ. ಹಾಗಂತ ಸಣ್ಣ ಏರಿಕೆ ಎಲ್ಲ ಸಣ್ಣದೇ ಅನ್ನಬೇಡಿ. ಎಲ್ಲಿಂದ ಏರಿತು ಅನ್ನುವುದು ಮುಖ್ಯ. ಕನ್ನಂಬಾಡಿಯಲ್ಲಿ 80 ಅಡಿಯ ಮೇಲಿನ ಒಂದು ಅಡಿ ನೀರೂ 120 ಅಡಿಯ ಮೇಲಿನ ಒಂದು ಅಡಿ ನೀರೂ ಒಂದೇ ಅಲ್ಲ ಅಂತ ನಿಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಮೇಲಿನ ಅಡಿಯಲ್ಲೇ ನೀರು ಜಾಸ್ತಿ. ಇಲ್ಲೂ ಹಾಗೇ, ಆದರೆ ಉಲ್ಟಾ: ಕೆಳಗಿನ ಮಟ್ಟದ ಏರಿಕೆಗೇ ತೂಕ ಜಾಸ್ತಿ. ಕ್ರಿಯಾಟಿನಿನ್ 0.8ರಿಂದ 1.6ಕ್ಕೆ ಏರಿ ಅಲ್ಲೇ ನಿಂತರೆ ಕಿಡ್ನಿ ಸೋಸುವ ಶಕ್ತಿ ಹೆಚ್ಚೂಕಮ್ಮಿ ಅರ್ಧ ಹೋಗಿದೆ ಅಂತ ಅರ್ಥ. 4.0 ಇದ್ದದ್ದು 4.8 ಆದರೆ ಏರಿದ್ದು ಅಷ್ಟೇ 0.8, ಹೊಸದಾಗಿ ಹೋದದ್ದು ಬಹಳ ಕಡಿಮೆ. ಅದಕ್ಕೇ ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆಯಾ ಅಂತ ನೋಡಲು ಡಾಕ್ಟರ್‌ಗಳು ಎರಡೂ ಅಳತೆ ಇಟ್ಟುಕೊಂಡಿದ್ದಾರೆ: 48 ಗಂಟೆಯೊಳಗೆ 0.3 ಏರಿಕೆ, ಅಥವಾ ಏಳು ದಿನದೊಳಗೆ ಒಂದೂವರೆ ಪಟ್ಟು. ತಂದೆಯವರಿಗೆ ಶುಗರ್ ಅಥವಾ ಬಿಪಿ ಇದ್ದರೆ, ಅದೇ ಲ್ಯಾಬ್‌ನಲ್ಲಿ ಇನ್ನೊಮ್ಮೆ ಮಾಡಿಸಿ ಡಾಕ್ಟರ್‌ಗೆ ತೋರಿಸಿ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದನ್ನು ಮೊದಲು ಬಿಡಿಸಿ.

ಪ್ರಶ್ನೆ: ಡೆಂಗಿ ಬಂದಾಗ ಪ್ಲೇಟ್‌ಲೆಟ್ 30 ಸಾವಿರಕ್ಕೆ ಇಳಿದಿತ್ತು. ಪಪ್ಪಾಯಿ ಎಲೆ ರಸ ಕುಡಿದ ಎರಡೇ ದಿನಕ್ಕೆ 80 ಸಾವಿರ ಆಯಿತು. ಇದಕ್ಕಿಂತ ಸಾಕ್ಷಿ ಬೇಕಾ? (ಓದುಗರು, ಕುವೆಂಪುನಗರ)

ಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು, ತಳ ಮುಟ್ಟಿ, ತಾನಾಗಿಯೇ ಏರುತ್ತದೆ. ಜನ ಗಾಬರಿಯಾಗಿ ಎಲೆ ಹುಡುಕಿಕೊಂಡು ಹೋಗುವುದು ಯಾವಾಗ? ತಳ ಮುಟ್ಟಿದ ದಿನ. ಆ ದಿನ ಮಜ್ಜಿಗೆ ಕುಡಿಸಿದರೂ ಮಜ್ಜಿಗೆಗೆ ಹೆಸರು ಬರುತ್ತಿತ್ತು. ನನ್ನ ಸಿಟ್ಟು ರಸದ ಮೇಲಲ್ಲ. ಮನೆಯವರೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ನೋಡುತ್ತಾ ಕೂತು, ನೋಡಬೇಕಾದದ್ದನ್ನು ಬಿಡುತ್ತಾರೆ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ವಿಪರೀತ ಸುಸ್ತು ಇದ್ದರೆ ಪ್ಲೇಟ್‌ಲೆಟ್ ಎಷ್ಟೇ ಇರಲಿ, ಆಸ್ಪತ್ರೆಗೆ ಓಡಿ.

ಪ್ರಶ್ನೆ: ಸಕ್ಕರೆ ಮಟ್ಟ 250 ದಾಟಿದ ಇಲಿಗಳನ್ನಷ್ಟೇ ಆರಿಸಿ ಎಲೆಯ ಸಾರ ಕೊಟ್ಟೆವು. ಎರಡು ವಾರಕ್ಕೆ ಶೇ 20 ಇಳಿಯಿತು. ಕಂಟ್ರೋಲ್ ಗುಂಪು ಇಟ್ಟಿರಲಿಲ್ಲ. ಪೇಪರ್ ಆಗುತ್ತಾ? (ಎಂಎಸ್ಸಿ ವಿದ್ಯಾರ್ಥಿ, ಮಂಡ್ಯ)

ಆಗಲ್ಲ. ಆ ದಿನ ಜಾಸ್ತಿ ಇದ್ದವನ್ನೇ ಆರಿಸಿದರೆ, ಮತ್ತೆ ಅಳೆದಾಗ ಅವುಗಳ ಸರಾಸರಿ ಇಳಿದೇ ಇಳಿಯುತ್ತದೆ. ಏನೂ ಕೊಡದಿದ್ದರೂ ಇಳಿಯುತ್ತದೆ. ಬ್ರಿಟನ್ನಿನ ವಿಜ್ಞಾನಿ ಗಾಲ್ಟನ್ 1886ರಲ್ಲೇ ಅಪ್ಪ-ಅಮ್ಮ ಮತ್ತು ಮಕ್ಕಳ ಎತ್ತರ ಅಳೆದು ಈ ಸರಾಸರಿಯತ್ತ ಹಿಂಜಗ್ಗುವಿಕೆಯನ್ನು ತೋರಿಸಿದ್ದ. ಕಂಟ್ರೋಲ್ ಗುಂಪು ಇಟ್ಟು ಮತ್ತೆ ಮಾಡಿ. ಆಗಲೂ ಪ್ರತಿ ಇಲಿಗೆ ಶೇಕಡಾ ಇಳಿಕೆ ಲೆಕ್ಕ ಹಾಕಿ ಹೋಲಿಸಬೇಡಿ. ಕೊನೆಯ ಮಟ್ಟವನ್ನೇ ಹೋಲಿಸಿ, ಮೊದಲಿನ ಮಟ್ಟವನ್ನು ಲೆಕ್ಕದೊಳಗೆ ಸೇರಿಸಿ. ಇದಕ್ಕೆ ಆಂಕೋವಾ ಅನ್ನುತ್ತಾರೆ. ಶೇಕಡಾ ಬದಲಾವಣೆ ಬಳಸಿದರೆ ನಿಜವಾದ ಪರಿಣಾಮವೂ ಕೈತಪ್ಪಬಹುದು ಅಂತ ಅಂಕಿಅಂಶ ತಜ್ಞ ವಿಕರ್ಸ್ 2001ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಪ್ರಶ್ನೆ: ನಾನು ನುಂಗುವ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಅಂತ ಓದಿದೆ. ನಾಳೆಯಿಂದಲೇ ನಿಲ್ಲಿಸಲಾ? (ಓದುಗರು, ವಿಜಯನಗರ)

ಯಾವುದರ ದುಪ್ಪಟ್ಟು ಅಂತ ಓದಿದಿರಾ? 1995ರಲ್ಲಿ ಬ್ರಿಟನ್ನಿನಲ್ಲಿ ಇದೇ ಆಯಿತು. ಹೊಸ ಬಗೆಯ ಮಾತ್ರೆಗಳಿಂದ ಅಪಾಯ ದುಪ್ಪಟ್ಟು ಅಂತ ಸುದ್ದಿ ಹಬ್ಬಿತು. ನಿಜಕ್ಕೂ 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ತುಂಬಾ ಜನ ಹೆದರಿ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13 ಸಾವಿರ ಗರ್ಭಪಾತ ಹೆಚ್ಚಾದವು. ಬಸುರಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯದ್ದಕ್ಕಿಂತ ಜಾಸ್ತಿ ಅನ್ನುವುದನ್ನು ಆ ಗಲಾಟೆಯಲ್ಲಿ ಕೇಳಿಸಿಕೊಂಡವರು ಕಡಿಮೆ. ನೀವು ಸಿಗರೇಟ್ ಸೇದುವವರಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿದ್ದರೆ, ನಿಮ್ಮ ಡಾಕ್ಟರಮ್ಮನಿಗೆ ಅದನ್ನು ಹೇಳಿ ಕೇಳಿ. ಪೇಪರ್ ಓದಿ ನಿಲ್ಲಿಸಬೇಡಿ.

ಪ್ರಶ್ನೆ: ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಮಟ್ಟವನ್ನು ಶೇಕಡಾದಲ್ಲಿ ಹೇಳುವ ಪರೀಕ್ಷೆ) 8ರಿಂದ 7ಕ್ಕೆ ಬಂತು. ಶೇ 1 ಇಳಿಕೆಯಾ, ಶೇ 12.5 ಇಳಿಕೆಯಾ? (ಓದುಗರು, ಶ್ರೀರಂಗಪಟ್ಟಣ)

‘8ರಿಂದ 7’ ಅನ್ನಿ. ಜಗಳವೇ ಇರಲ್ಲ.

ಪ್ರಶ್ನೆ: ಮನೆಯ ಮೀಟರ್‌ನಲ್ಲಿ ಶುಗರ್ 142, ಅದೇ ಹೊತ್ತಿಗೆ ಲ್ಯಾಬ್‌ನಲ್ಲಿ 131. ಯಾರ ಮೇಲೆ ದೂರು ಕೊಡಲಿ? (ಓದುಗರು, ಸರಸ್ವತಿಪುರಂ)

ಯಾರ ಮೇಲೂ ಬೇಡ. 100ರ ಮೇಲಿನ ಮಟ್ಟದಲ್ಲಿ ಶೇ 15ರಷ್ಟು ಆಚೀಚೆ ಆಗಲು ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಕೈ ತೊಳೆದು ಒರೆಸಿಕೊಂಡು ಚುಚ್ಚಿದ್ದಿರಾ? ಬಾಳೆಹಣ್ಣು ಸುಲಿದ ಬೆರಳಲ್ಲಿ ಚುಚ್ಚಿದರೆ ಇನ್ನೂ ಜಾಸ್ತಿ ತೋರಿಸುತ್ತದೆ.