ಸಂತೆಗೆ ಬಂದ ಹೆಣ್ಣು ಮೇಕೆ ಯಾಕೆ ಬಂತು?

ಪತ್ರ: ಸಾರ್, ನಮ್ಮದು ಮಧುಗಿರಿ ತಾಲ್ಲೂಕು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಎರಡೂವರೆ ಎಕರೆ ಇದೆ, ಬೋರ್‌ವೆಲ್‌ನಲ್ಲಿ ಒಂದೂವರೆ ಇಂಚು ನೀರಿದೆ. 3 ಲಕ್ಷದಲ್ಲಿ 25 ಮೇಕೆ ತರಬೇಕು ಅಂತಿದ್ದೇನೆ. ಯೂಟ್ಯೂಬ್‌ನಲ್ಲಿ ಒಂದು ಫಾರಂನವರು ಜಮುನಾಪಾರಿ, ಬೋಯರ್ ತೋರಿಸಿ, ಹುಟ್ಟುವ ಮರಿಗಳನ್ನು ನಾವೇ ವಾಪಸ್ ಕೊಳ್ಳುತ್ತೇವೆ ಅಂತಾರೆ. ನಮ್ಮ ಮಾವ ಸಂತೆಯಲ್ಲೇ ತಾ, ಅರ್ಧ ಬೆಲೆಗೆ ಸಿಗುತ್ತೆ ಅಂತಾರೆ. ಯಾವ ತಳಿ ಒಳ್ಳೆಯದು, ಎಲ್ಲಿಂದ ತರಲಿ? ಅಮ್ಮ ಮಾತ್ರ ಮೈಮೇಲಿನ ಕೂದಲಿನ ಸುಳಿ ನೋಡದೆ ತರಬೇಡ ಅಂತಿದ್ದಾರೆ. ಅದಕ್ಕೂ ಉತ್ತರ ಕೊಡಿ.

ಸಂಪಾದಕರ ಉತ್ತರ:

ಎರಡೂ ಬೇಡ. ಆ ಫಾರಂನದ್ದೂ ಬೇಡ, ಸಂತೆಯದ್ದೂ ಬೇಡ. ಇಷ್ಟು ಹೇಳಿ ನಿಲ್ಲಿಸಿದರೆ ನೀವು ಮುಂದಿನ ವಾರ ಮಾವನ ಜೊತೆ ಸಂತೆಗೇ ಹೋಗುತ್ತೀರಿ ಅಂತ ಗೊತ್ತು. ನಾನೂ ಹಾಗೇ ಹೋಗಿದ್ದೆ.

ಹನ್ನೆರಡು ವರ್ಷದ ಹಿಂದಿನ ಮಾತು. ದಲ್ಲಾಳಿ ಟವೆಲ್ ಕೆಳಗೆ ನನ್ನ ಬೆರಳು ಹಿಡಿದು ವ್ಯಾಪಾರ ಕುದುರಿಸಿದ, 9 ಮೇಕೆ ಟೆಂಪೊ ಹತ್ತಿಸಿದೆ, ದಾರಿಯಲ್ಲಿ ಟೀ ಕುಡಿಯುವಾಗ ಎಷ್ಟು ಉಳಿಸಿದೆ ಅಂತ ಲೆಕ್ಕ ಹಾಕಿ ಖುಷಿಪಟ್ಟೆ. ಐದನೇ ದಿನ ಒಂದಕ್ಕೆ ಮೂಗು ಸೋರಲು ಶುರುವಾಯಿತು. ಪ್ರಯಾಣದ ಸುಸ್ತು ಅಂದುಕೊಂಡೆ. ಮಾರನೇ ದಿನ ಜ್ವರ, ಆಮೇಲೆ ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ಪಿಪಿಆರ್, ಕುರಿ ಮೇಕೆಗಳ ಅಂಟುರೋಗ. ಇದು ಮೈ ಹೊಕ್ಕ 4ರಿಂದ 6 ದಿನಕ್ಕೆ ಕಾಣಿಸಿಕೊಳ್ಳುತ್ತದೆ, ಅಂದರೆ ನಾನು ದುಡ್ಡು ಎಣಿಸುತ್ತಿದ್ದಾಗಲೇ ಅದು ವ್ಯಾಪಾರದಲ್ಲಿ ಸೇರಿಕೊಂಡಿತ್ತು. ಹದಿನೈದು ದಿನದಲ್ಲಿ 6 ಹೋದವು. ನನ್ನವು ಹೋಗಿದ್ದು ಇರಲಿ, ಪಕ್ಕದ ಮನೆ ಅಜ್ಜಿಯ ಮೂರೂ ಹೋದವು. ಆ ಅಜ್ಜಿ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂತೆಯಲ್ಲಿ ಮೋಸ ಇದೆ ಅಂತ ಇದನ್ನು ಹೇಳುತ್ತಿಲ್ಲ. ನಿಮ್ಮ ಕಡೆಯ ಅಕ್ಕಿರಾಂಪುರ ಇರಲಿ, ಬಾಗಲಕೋಟೆ ಕಡೆಯ ಅಮೀನಗಡ ಇರಲಿ, ಕುರಿ ಮೇಕೆ ಸಂತೆಗಳು ಬೆಳೆದಿದ್ದೇ ಮಾಂಸದ ವ್ಯಾಪಾರದ ಮೇಲೆ. ಹೊಸತೊಡಕಿಗೋ ಬಕ್ರೀದಿಗೋ ಗಂಡು ಬೇಕಾದರೆ ಅಲ್ಲಿಗೇ ಹೋಗಬೇಕು. ಆದರೆ ನಿಮಗೆ ಬೇಕಿರುವುದು ನಾಲ್ಕೈದು ವರ್ಷ ಮನೆಯಲ್ಲಿದ್ದು ಮರಿ ಹಾಕುವ ಹೆಣ್ಣು. ಈಗ ಯೋಚನೆ ಮಾಡಿ: ವರ್ಷಕ್ಕೆ ಎರಡೆರಡು ಮರಿ ಹಾಕಿ, ಎರಡನ್ನೂ ಹಾಲು ಕೊಟ್ಟು ಬದುಕಿಸಿಕೊಳ್ಳುವ ಮೇಕೆಯನ್ನು ಬುದ್ಧಿ ಇರುವ ಯಾವ ರೈತ ಸಂತೆಗೆ ಹೊಡೆದುಕೊಂಡು ಬರುತ್ತಾನೆ? ಮಗಳ ಮದುವೆ, ಆಸ್ಪತ್ರೆ ಖರ್ಚು ಅಂತ ತರುವವರು ಇರುತ್ತಾರೆ, ಇಲ್ಲ ಅನ್ನಲ್ಲ. ಉಳಿದವು ಬಹುತೇಕ ಗಬ್ಬ ನಿಲ್ಲದ್ದು, ದಿನ ತುಂಬುವ ಮೊದಲೇ ಕಂದು ಹಾಕಿದ್ದು, ಒಂದು ಕಡೆ ಕೆಚ್ಚಲು ಸತ್ತದ್ದು, ಮರಿಯನ್ನು ಹತ್ತಿರ ಸೇರಿಸದ್ದು. ನೋಡಲು ದಷ್ಟಪುಷ್ಟವಾಗೇ ಇರುತ್ತವೆ. ಮರಿ ಹಾಕದ ಮೇಕೆ ಮೈ ತುಂಬಿಕೊಳ್ಳದೆ ಇನ್ನೇನು ಮಾಡುತ್ತೆ?

ಹಾಗಾಗಿ ನನ್ನ ಮಾತು ಇಷ್ಟೇ. ಮೊದಲು ಮೇಕೆ ಹುಡುಕಬೇಡಿ, ಮೇಕೆ ಸಾಕಿದವನನ್ನು ಹುಡುಕಿ. ಅವನು ಏನು ಮಾರುತ್ತಾನೆ ಅನ್ನುವುದಕ್ಕಿಂತ ಏನು ಮಾರಲ್ಲ ಅನ್ನುವುದನ್ನು ನೋಡಿ. ಕೊಟ್ಟಿಗೆಗೆ ಹೋಗಿ ಚೆನ್ನಾಗಿರುವ ನಾಲ್ಕು ಮೇಕೆಗೆ ಬೆರಳು ತೋರಿಸಿ, ಇವು ಎಷ್ಟು ಅಂತ ಕೇಳಿ. ನಾಲ್ಕಕ್ಕೂ ತಕ್ಷಣ ಬೆಲೆ ಹೇಳಿದರೆ ಅವನು ವ್ಯಾಪಾರಿ. ಬೇರೆ ಕಡೆಯಿಂದ ತಂದು, ಹತ್ತು ದಿನ ಕಟ್ಟಿ, ಸ್ನಾನ ಮಾಡಿಸಿ ಮಾರುವವನು. ನೀವು ಹೇಳಿದ ಯೂಟ್ಯೂಬ್ ಫಾರಂ ಅಂಥದ್ದೇ ಇರಬಹುದು, ಒಂದೇ ವಯಸ್ಸಿನ ಐವತ್ತು ಮೇಕೆ ಸಾಲಾಗಿ ನಿಂತಿದ್ದರೆ ಅನುಮಾನ ಪಡಿ. ಸಾಕಿದವನ ಮನೆಯಲ್ಲಿ ಅಜ್ಜಿ, ತಾಯಿ, ಮಗಳು, ಈಗಷ್ಟೇ ಹುಟ್ಟಿದ ಮರಿ ಎಲ್ಲವೂ ಇರುತ್ತವೆ, ಸ್ವಲ್ಪ ಗಲೀಜೂ ಇರುತ್ತೆ. ಅವನು ನಾಲ್ಕರಲ್ಲಿ ಎರಡನ್ನು ತೋರಿಸಿ, ಇವು ಕೊಡಲ್ಲ, ಬೇಕಾದರೆ ಇವುಗಳ ಮಗಳು ತಗೊಳ್ಳಿ ಅಂತಾನೆ. ಆ ಮಗಳನ್ನೇ ನೀವು ತರಬೇಕಾದ್ದು.

ಅಂಥವರು ಜಾಹೀರಾತು ಕೊಡುವುದು ಕಡಿಮೆ. ನಿಮ್ಮ ಪಶು ಆಸ್ಪತ್ರೆಯ ಡಾಕ್ಟರನ್ನೋ, ಲಸಿಕೆ ಹಾಕಲು ಊರೂರು ತಿರುಗುವ ಸಿಬ್ಬಂದಿಯನ್ನೋ ಕೇಳಿ. ಯಾರ ಕೊಟ್ಟಿಗೆಯಲ್ಲಿ ಮರಿ ಜಾಸ್ತಿ ಬದುಕುತ್ತವೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲ್ಲ.

ಅಲ್ಲಿಗೆ ಹೋದಾಗ ಕೇಳುವ ಪ್ರಶ್ನೆಯೂ ಮುಖ್ಯ. ಎಷ್ಟು ಮರಿ ಹುಟ್ಟಿತು ಅಂತ ಎಲ್ಲರೂ ಕೇಳುತ್ತಾರೆ. ನೀವು ಮೂರು ತಿಂಗಳು ದಾಟಿದ್ದು ಎಷ್ಟು ಅಂತ ಕೇಳಿ. ತ್ರಿವಳಿ ಹುಟ್ಟಿ ಎರಡು ಸತ್ತರೆ ಅದರ ಲೆಕ್ಕ ಒಂದೇ ಅಲ್ವಾ? ಹೋತ ಯಾವಾಗ ಬಂತು ಅಂತ ಕೇಳಿ. ನಾಲ್ಕು ವರ್ಷದಿಂದ ಒಂದೇ ಹೋತ ಇದ್ದರೆ ಅದು ತನ್ನ ಮಗಳನ್ನೂ, ಮಗಳ ಮಗಳನ್ನೂ ಹಾರಿರುತ್ತದೆ. ಅಂಥ ಮನೆಯ ಮರಿಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ, ಬಡಕಲಾಗುತ್ತಾ ಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಹೋತ ಬದಲಿಸುವವನು ಕೆಲಸ ತಿಳಿದವನು. ಆಮೇಲೆ, ಹೋದ ವರ್ಷ ಏನು ಸತ್ತಿತು, ಯಾಕೆ ಸತ್ತಿತು ಅಂತ ಕೇಳಿ. ನಮ್ಮಲ್ಲಿ ಏನೂ ಸತ್ತಿಲ್ಲ ಅಂದರೆ ಬೈಕ್ ಹತ್ತಿ ವಾಪಸ್ ಬನ್ನಿ. ಮೇಕೆ ಸಾಕಿ ಒಂದೂ ಸಾಯಿಸದವನು ಇನ್ನೂ ಹುಟ್ಟಿಲ್ಲ.

ಪುಸ್ತಕ ಇಟ್ಟಿದ್ದರೆ ಒಳ್ಳೆಯದು. ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿದ್ದರೂ ಸಾಕು: ಯಾವಾಗ ಹೋತಕ್ಕೆ ಬಿಟ್ಟಿದ್ದು, ಯಾವಾಗ ಈದಿದ್ದು. ಮೇಕೆಯ ಗಬ್ಬ ಸುಮಾರು 150 ದಿನ, ಲೆಕ್ಕ ಹಾಕಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತೆ. ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದ್ದರೆ ಅದರ ನಂಬರು ಕೊಟ್ಟು ಲಸಿಕೆ ದಾಖಲೆ ಇದೆಯಾ ಅಂತ ಪಶು ಆಸ್ಪತ್ರೆಯಲ್ಲಿ ಕೇಳಬಹುದು. ಓಲೆ ಕಿತ್ತು ಕಿವಿ ಹರಿದಿದ್ದರೆ ಯಾಕೆ ಅಂತ ಕೇಳಲು ನಾಚಿಕೆ ಬೇಡ.

ಇನ್ನು ಮೇಕೆ ನೋಡುವುದು. ಹಲ್ಲಿನಿಂದ ಶುರು ಮಾಡಿ. ಕೆಳದವಡೆಯಲ್ಲಿ ಮುಂದೆ ಎಂಟು ಹಲ್ಲು, ಮೇಲೆ ಇರುವುದು ಗಟ್ಟಿ ಒಸಡು ಮಾತ್ರ. ಎಂಟೂ ಸಣ್ಣ ಹಾಲು ಹಲ್ಲಾದರೆ ಸಾಮಾನ್ಯವಾಗಿ ವರ್ಷದೊಳಗಿನದು. ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದೂಕಾಲು, ಒಂದೂವರೆ ವರ್ಷದ ಆಸುಪಾಸು. ನಾಲ್ಕು ಹಲ್ಲು ಅಂದರೆ ಎರಡು ವರ್ಷ ಅಂದುಕೊಳ್ಳಿ. ಎಂಟೂ ದೊಡ್ಡವಾದರೆ ನಾಲ್ಕರ ಹತ್ತಿರ. ಆಮೇಲೆ ಸಂದು ಬಿಡುತ್ತವೆ, ಸವೆಯುತ್ತವೆ, ಬೀಳುತ್ತವೆ. ನಿಮ್ಮಂಥ ಹೊಸಬರಿಗೆ ಎರಡರಿಂದ ನಾಲ್ಕು ಹಲ್ಲಿನದು, ಒಂದು ಸೂಲು ಈದು ಮರಿ ಬದುಕಿಸಿ ತೋರಿಸಿದ್ದು, ಸರಿ. ಇನ್ನೂ ಈಯದ, ಹಾಲು ಹಲ್ಲಿನ ಪಡ್ಡೆ ಅಗ್ಗಕ್ಕೆ ಸಿಗುತ್ತೆ, ಆದರೆ ಅದು ತಾಯಿಯಾಗಿ ಹೇಗೆ ಅಂತ ಯಾರಿಗೆ ಗೊತ್ತು?

ಆಮೇಲೆ ಕಣ್ಣಿನ ಕೆಳ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಒಳ್ಳೆಯದು, ಬಿಳಿಚಿಕೊಂಡು ಕಾಗದದ ಹಾಗಿದ್ದರೆ ಹೊಟ್ಟೆಯೊಳಗೆ ಜಂತು ರಕ್ತ ಹೀರುತ್ತಿದೆ ಅಂತ. ದವಡೆ ಕೆಳಗೆ ನೀರು ತುಂಬಿದ ಹಾಗೆ ಊತ ಇದ್ದರೂ ಬಹುತೇಕ ಅದೇ ಕಥೆ. ಕಿವಿ ಕೆಳಗೆ, ಭುಜದ ಮುಂದೆ ಗಟ್ಟಿ ಗಂಟು ಇದ್ದರೆ ಬಿಟ್ಟುಬಿಡಿ. ಆ ಗಂಟು ಒಡೆದು ಕೀವು ಸೋರಿದರೆ ಕೊಟ್ಟಿಗೆಗೆಲ್ಲಾ ಹಬ್ಬುತ್ತೆ. ಬಾಲದ ಕೆಳಗೆ ಒಣಗಿದ ಸಗಣಿ ಮೆತ್ತಿಕೊಂಡಿದೆಯಾ, ಹಿಕ್ಕೆ ಉಂಡೆ ಉಂಡೆಯಾಗಿ ಬೀಳುತ್ತಾ, ಇಪ್ಪತ್ತು ಹೆಜ್ಜೆ ನಡೆಸಿದರೆ ಕುಂಟುತ್ತಾ, ಇದಕ್ಕೆಲ್ಲ ಡಾಕ್ಟರೇ ಬೇಕಿಲ್ಲ. ಕೆಚ್ಚಲನ್ನು ಮಾತ್ರ ಕಣ್ಣಲ್ಲಿ ನೋಡಬೇಡಿ, ಕೈಯಲ್ಲಿ ನೋಡಿ. ಮೆತ್ತಗಿರಬೇಕು, ಎರಡೂ ಮೊಲೆಯಿಂದ ಹಾಲು ಬರಬೇಕು. ಗಡ್ಡೆ ಸಿಕ್ಕರೆ ಬೇಡ.

ಕೆಚ್ಚಲು ಅಂದ ಕೂಡಲೇ ನೆನಪಾಯಿತು. ಒಂದು ದಿನ ಹಾಲು ಕರೆಯದೆ, ಮರಿಗೂ ಬಿಡದೆ ಕೆಚ್ಚಲು ಉಬ್ಬಿಸಿ ತೋರಿಸುವುದು ಹಳೆಯ ಆಟ. ಬೇರೆ ಮೇಕೆಯ ಮರಿ ತಂದು ಜೊತೆಗೆ ಕಟ್ಟಿ, ಅವಳಿ ಈದಿದೆ ಅನ್ನುವುದು ಇನ್ನೊಂದು. ಇದಕ್ಕೆ ಸುಲಭದ ಪರೀಕ್ಷೆ ಇದೆ. ಹಗ್ಗ ಬಿಚ್ಚಿ ಮರಿ ಬಿಡಿಸಿ, ನೀವು ದೂರ ನಿಂತುಕೊಳ್ಳಿ. ತಾಯಿ ಮರಿಯ ಬಾಲ ಮೂಸಿ ನಿಂತುಕೊಂಡರೆ ತನ್ನದು, ಕೊಂಬಿನಲ್ಲಿ ತಳ್ಳಿದರೆ ಯಾರದೋ. ಮೂರನೆಯದು ತೂಕದ್ದು. ಉಪ್ಪು ತಿನ್ನಿಸಿ ನೀರು ಕುಡಿಸಿದರೆ ತಕ್ಕಡಿಯಲ್ಲಿ ಕೆಲವು ಕಿಲೋ ಸುಮ್ನೆ ಏರುತ್ತೆ. ಬೆಳಗ್ಗೆ ಮೇವು ನೀರು ಕೊಡುವ ಮೊದಲೇ ತೂಗಿಸಿ. ತಕ್ಕಡಿ ಇಲ್ಲವೇ? ದರ್ಜಿಯ ಟೇಪು ಜೇಬಲ್ಲಿಟ್ಟುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದಿಂದ ಚಪ್ಪೆಯವರೆಗಿನ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡು ಬರುತ್ತೆ. ಸುತ್ತಳತೆ 28, ಉದ್ದ 26 ಆದರೆ 68 ಪೌಂಡು, ಅಂದರೆ 31 ಕಿಲೋ ಹತ್ತಿರ. ಅಂದಾಜು ಲೆಕ್ಕ, ಆದರೆ ದಲ್ಲಾಳಿಯ ಬಾಯಿಗಿಂತ ವಾಸಿ.

ಹೋತದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಒಂದು ಕೆಟ್ಟ ಹೆಣ್ಣು ತಂದರೆ ಅದರ ಮರಿಗಳಷ್ಟೇ ಕೆಡುತ್ತವೆ. ಕೆಟ್ಟ ಹೋತ ತಂದರೆ ಆ ವರ್ಷ ಹುಟ್ಟುವ ಎಲ್ಲವೂ. ಎರಡು ಬೀಜವೂ ಇಳಿದಿರಬೇಕು, ಒಂದೇ ಗಾತ್ರ ಇರಬೇಕು, ಮುಟ್ಟಿದರೆ ಗಟ್ಟಿಯಾಗಿರಬೇಕು. ಹಿಂಗಾಲು ನೆಟ್ಟಗಿರಬೇಕು. ಅದರ ತಾಯಿಯನ್ನು ನೋಡದೆ ತರಲೇಬೇಡಿ, ಯಾಕಂದ್ರೆ ಹಾಲು, ಅವಳಿ ಎರಡೂ ಅದರ ಹೆಣ್ಣು ಮರಿಗಳಿಗೆ ಆ ಕಡೆಯಿಂದಲೂ ಬರುತ್ತವೆ. ಇನ್ನೊಂದು, ಹೆಣ್ಣು ತಂದ ಮನೆಯಿಂದಲೇ ಹೋತ ತರಬೇಡಿ. ಅಣ್ಣ ತಂಗಿಯನ್ನು ತಂದ ಹಾಗಾಗುತ್ತೆ.

ಯಾವ ತಳಿ ಅಂತ ಕೇಳಿದ್ದೀರಿ. ಈ ಪ್ರಶ್ನೆ ನಮ್ಮ ಕಚೇರಿಗೆ ಬರುವಷ್ಟು ಬೇರೆ ಯಾವುದೂ ಬರಲ್ಲ. ಜಮುನಾಪಾರಿ ಉತ್ತರ ಪ್ರದೇಶದ ಇಟಾವಾ ಕಡೆಯದು, ಯಮುನಾ ಚಂಬಲ್ ಕಣಿವೆಯ ಪೊದೆಗಳಲ್ಲಿ ಮೇಯ್ದು ಬೆಳೆದದ್ದು. ಉಬ್ಬು ಮೂಗು, ಜೋತ ಕಿವಿ, ನೋಡಲು ಚೆಂದ, ವಿಡಿಯೊಗೆ ಹೇಳಿ ಮಾಡಿಸಿದ ಹಾಗಿದೆ. ಬೋಯರ್ ದಕ್ಷಿಣ ಆಫ್ರಿಕಾದ ಮಾಂಸದ ತಳಿ. ಚೆನ್ನಾಗಿ ತಿಂದರೆ ಚೆನ್ನಾಗಿ ಬೆಳೆಯುತ್ತೆ. ಒಂದೂವರೆ ಇಂಚು ನೀರಿನಲ್ಲಿ ನೀವು ಅದಕ್ಕೆ ಏನು ತಿನ್ನಿಸುತ್ತೀರಿ? ಮಾರುವುದರಲ್ಲಿ ಬಹಳಷ್ಟು ಬೆರಕೆ ಬೇರೆ, ಬೆಲೆ ಮಾತ್ರ ಅಪ್ಪಟದ್ದು. ನಿಮ್ಮ ಕಾಲ ಬುಡದಲ್ಲೇ ನಂದಿದುರ್ಗ ಮೇಕೆ ಇದೆ. ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ನಾವು ನಾಟಿ ಅಂತ ಕರೆದು ಸುಮ್ಮನಾಗಿದ್ದ, ಹೆಚ್ಚಾಗಿ ಬಿಳಿ ಬಣ್ಣದ ಮೇಕೆ. ಬೀದರ್ ಕಡೆಯ ಕಪ್ಪು ಬಿದ್ರಿ ಮೇಕೆಯ ಹಾಗೆ ಇದಕ್ಕೂ ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆಯಲ್ಲಿ ತಳಿ ಅಂತ ನೋಂದಣಿಯಾಗಿದೆ. ಹೆಣ್ಣು ಇದೇ ಇರಲಿ. ಹೊರಗಿನದೇ ಬೇಕು ಅನ್ನಿಸಿದರೆ ಒಂದು ಒಳ್ಳೆಯ ಉಸ್ಮಾನಾಬಾದಿ ಹೋತ ತನ್ನಿ. ಮರಾಠವಾಡದ ಬಿಸಿಲಲ್ಲಿ ಬೆಳೆದದ್ದು, ಅವಳಿಗೆ ಹೆಸರಾದದ್ದು. ಆ ಊರಿಗೇ ಈಗ ಧಾರಾಶಿವ ಅಂತ ಹೆಸರು ಬದಲಾಗಿದೆ, ಮೇಕೆ ಮಾತ್ರ ಹಳೆ ಹೆಸರಲ್ಲೇ ಇದೆ.

ಮರಿ ವಾಪಸ್ ಕೊಳ್ಳುತ್ತೇವೆ ಅನ್ನುವ ಮಾತಿನ ಬಗ್ಗೆ ಜಾಸ್ತಿ ಹೇಳಲ್ಲ. ಇವತ್ತು ನಿಮಗೆ ದುಬಾರಿ ಬೆಲೆಗೆ ಮಾರಿದವನು ನಾಳೆ ಅದೇ ಬೆಲೆಗೆ ಕೊಳ್ಳಬೇಕಾದರೆ ಅವನಿಗೆ ನಿಮ್ಮಂಥ ಇನ್ನೊಬ್ಬ ಸಿಗಬೇಕು.

25 ಅನ್ನುವ ಸಂಖ್ಯೆ ಮರೆತುಬಿಡಿ. ಆರು ಹೆಣ್ಣು, ಒಂದು ಹೋತ. ಉಳಿದ ದುಡ್ಡಲ್ಲಿ ಮೊದಲು ಅಗಸೆ ಮರ, ಸುಬಾಬುಲ್, ಹಿಪ್ಪುನೇರಳೆ ನೆಟ್ಟು ಬೇಲಿ ಹಾಕಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ನಂಬಿ ಮೇವಿಲ್ಲದೆ ಮೇಕೆ ತಂದವರ ಪತ್ರಗಳೂ ನಮಗೆ ಬರುತ್ತವೆ. ರಾಷ್ಟ್ರೀಯ ಜಾನುವಾರು ಮಿಷನ್ನಿನ ಶೇ 50ರ ಸಬ್ಸಿಡಿ ಶುರುವಾಗುವುದೇ 100 ಹೆಣ್ಣು, 5 ಹೋತದ ಘಟಕದಿಂದ. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ.

ಬೆಲೆ ಮಾತಾಡಿ ಮುಂಗಡ ಕೊಟ್ಟ ದಿನವೇ ಮನೆಗೆ ಹೊಡೆದುಕೊಂಡು ಬರಬೇಡಿ. ಪಿಪಿಆರ್ ಲಸಿಕೆ ಆಗಿಲ್ಲದಿದ್ದರೆ ಅಲ್ಲೇ ಹಾಕಿಸಿ, ಮೂರು ವಾರ ಅಲ್ಲೇ ಬಿಡಿ. ಟೆಂಪೊ ಹತ್ತಿಸುವಾಗ ಸೂಜಿ ಚುಚ್ಚಿಸಿದರೆ ಏನೂ ಉಪಯೋಗ ಇಲ್ಲ, ಮೈಯಲ್ಲಿ ಶಕ್ತಿ ಬರಲು ದಿನ ಹಿಡಿಯುತ್ತೆ. ಒಮ್ಮೆ ಸರಿಯಾಗಿ ಹಾಕಿಸಿದರೆ ಸುಮಾರು ಮೂರು ವರ್ಷ ತಡೆಯುತ್ತದೆ. ಅದೇ ಹೊತ್ತಿಗೆ ಬ್ರುಸೆಲ್ಲಾ ಪರೀಕ್ಷೆಗೆ ರಕ್ತ ತೆಗೆಸಿ. ಈ ರೋಗದಲ್ಲಿ ಮೇಕೆ ಕಂದು ಹಾಕುತ್ತೆ, ಬರಿಗೈಯಲ್ಲಿ ಅದನ್ನು ಎತ್ತಿದವರಿಗೂ ಅಂಟಿಕೊಳ್ಳುತ್ತೆ. ಮಾರುವವನು ಇದಕ್ಕೆಲ್ಲ ಒಪ್ಪದಿದ್ದರೆ ಮುಂಗಡ ಹೋದರೆ ಹೋಗಲಿ. ತಂದ ಮೇಲೆ ಒಂದು ತಿಂಗಳು ಊರಿನ ಬೇರೆ ಮೇಕೆಗಳ ಜೊತೆ ಸೇರಿಸಬೇಡಿ, ಅದೇ ಬಕೆಟ್ಟಲ್ಲಿ ನೀರು ಕುಡಿಸಬೇಡಿ. ಪಕ್ಕದ ಮನೆಯಲ್ಲಿ ಯಾವುದಾದರೂ ಅಜ್ಜಿ ಇದ್ದೇ ಇರುತ್ತಾರೆ.

ಅಮ್ಮನ ಸುಳಿಯ ವಿಷಯ. ಸುಳಿಗೂ ಹಾಲಿಗೂ ಸಂಬಂಧ ಇದೆ ಅಂತ ನಾನು ನಂಬಲ್ಲ. ಆದರೂ ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಅವರು ಮೈಯೆಲ್ಲಾ ತಡವಿ ಸುಳಿ ಹುಡುಕುವಾಗ ಗಂಟು, ಗಾಯ, ಉಣ್ಣೆ ಹುಳ ಎಲ್ಲವೂ ಅವರ ಕೈಗೆ ಸಿಗುತ್ತವೆ. ಅಷ್ಟು ಹೊತ್ತು ಮೇಕೆಯನ್ನು ಮಾರುವವನೇ ಹಿಡಿದು ನಿಂತಿರುತ್ತಾನೆ, ನೀವು ನಿಧಾನವಾಗಿ ಹಲ್ಲು ನೋಡಬಹುದು.