ಸ್ಟುಟ್‌ಗಾರ್ಟಿಗೆ ಹೊಸದಾಗಿ ಬಂದ ತಂಗಿಗೆ

ವಂದನೆ ತಂಗಿ,

ನೀನು ಬರೆದದ್ದು ಇಷ್ಟು: ನರ್ಸಿಂಗ್ ಕೆಲಸಕ್ಕೆಂದು ಬೆಟಗೇರಿಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಕೆಲವು ತಿಂಗಳಾಯಿತು, ಸಂಬಳ, ಕೋಣೆ ಎಲ್ಲ ಸರಿಯಿದೆ. ಆದರೆ ಊರಲ್ಲಿ ಪ್ರಾರ್ಥನೆಗೆ ಕೂತಾಗ ಬರುತ್ತಿದ್ದ ಸಂತೋಷ ಇಲ್ಲಿ ಬರುತ್ತಿಲ್ಲ. ಇಲ್ಲಿನ ಚರ್ಚಿನಲ್ಲಿ ನಾಲ್ಕಾರು ಬೆಂಚುಗಳಲ್ಲಿ ವಯಸ್ಸಾದವರು, ಯಾರೂ ಮಾತಾಡಿಸುವುದಿಲ್ಲ. ‘ಅಕ್ಕಾ, ನನ್ನ ನಂಬಿಕೆಯೇ ಕುಗ್ಗಿತೇನು?’ ಎಂದು ಕೇಳಿದ್ದೀ.

ಇಲ್ಲ. ಸಂತೋಷದ ಮಾತು ಬಂದಾಗಲೆಲ್ಲ ನಮ್ಮವರು ಬೈಬಲಿನಲ್ಲಿ ಫಿಲಿಪ್ಪಿ ಊರಿನ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಪತ್ರವನ್ನೇ ತೆರೆಯುತ್ತಾರೆ. ಯಾವಾಗಲೂ ಸಂತೋಷಿಸಿರಿ ಎನ್ನುವ ನಾಲ್ಕನೆಯ ಅಧ್ಯಾಯ ನಮಗೆಲ್ಲ ಬಾಯಿಪಾಠ. ಎರಡನೆಯ ಅಧ್ಯಾಯದ ಕೊನೆಯನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಅಲ್ಲಿ ಎಪಫ್ರೊದೀತ ಎಂಬವನಿದ್ದಾನೆ. ಸೆರೆಯಲ್ಲಿದ್ದ ಪೌಲನನ್ನು ನೋಡಿಕೊಳ್ಳಲು ಫಿಲಿಪ್ಪಿ ಸಭೆಯವರು ಕಳಿಸಿದವನು. ಹೋದಲ್ಲಿ ಜಡ್ಡಾಗಿ ಸಾಯುವ ಸ್ಥಿತಿಗೆ ಬಂದ. ಆ ಸುದ್ದಿ ಊರಿಗೆ ಮುಟ್ಟಿತೆಂದು ತಿಳಿದು, ತನ್ನವರನ್ನು ನೋಡಬೇಕೆಂದು ಹಂಬಲಿಸಿ ಕಳವಳಪಟ್ಟ. ಪೌಲ ಅವನನ್ನು ಗದರುವುದಿಲ್ಲ. ಅವನೇನಾದರೂ ತೀರಿಕೊಂಡಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎನ್ನುತ್ತಾನೆ. ಇಂಥವರನ್ನು ಗೌರವಿಸಿರಿ ಎಂದು ಬರೆದು ಊರಿಗೆ ಕಳಿಸುತ್ತಾನೆ. ಪರಊರಲ್ಲಿ ಇನ್ನೊಬ್ಬರ ಆರೈಕೆ ಮಾಡುತ್ತ ಮನೆಗಾಗಿ ಹಂಬಲಿಸುವ ನಿನಗೆ ಇವನಿಗಿಂತ ಹತ್ತಿರದವನು ಬೈಬಲಿನಲ್ಲಿ ಯಾರಿದ್ದಾರೆ? ಹಂಬಲ, ಜಡ್ಡು, ಕೈಕೋಳ, ಸಂತೋಷ ಎಲ್ಲ ಆ ಒಂದೇ ಪತ್ರದಲ್ಲಿವೆ. ಅಳು ಬಂದಾಗ ಅತ್ತುಬಿಡು. ಅದರಿಂದ ದೇವರಿಗೆ ಬೇಸರವಾಗುವುದಿಲ್ಲ.

ಊರಲ್ಲಿ ನಿನ್ನ ಸಂತೋಷ ಯಾವುದರಿಂದ ಆಗಿತ್ತು, ಒಮ್ಮೆ ಯೋಚಿಸು. ಸಂಡೇ ಸ್ಕೂಲಿನ ಮಕ್ಕಳು, ಮಹಿಳಾ ಸಂಘದವರು ಆರಾಧನೆ ಮುಗಿದ ಮೇಲೂ ಬಾಗಿಲಲ್ಲಿ ನಿಂತು ಆಡುವ ಮಾತು, ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ತೆಂಗಿನಕಾಯಿ ಕುಂಬಳಕಾಯಿಗಳ ಹರಾಜು, ಒಂದು ವಾರ ಕಾಣದಿದ್ದರೆ ಮನೆಗೇ ಬಂದು ವಿಚಾರಿಸುವ ಹಿರಿಯರು. ಇದೆಲ್ಲ ನೀನು ಹುಟ್ಟುವ ಮೊದಲೇ ಸಿದ್ಧವಾಗಿತ್ತು. ಆ ಸಂತೋಷ ಪ್ರಾರ್ಥನೆಯಿಂದಲೇ ಬಂದದ್ದು, ನಿಜ. ಆದರೆ ಒಬ್ಬಳೇ ಕೂತು ಮಾಡಿದ ಪ್ರಾರ್ಥನೆಯಿಂದ ಬಂದದ್ದಲ್ಲ. ಇಲ್ಲಿ ಅಂಥ ಜನರನ್ನು ನೀನೇ ಹೋಗಿ ಸೇರಬೇಕು. ಇಷ್ಟು ವರ್ಷದಲ್ಲಿ ನಾನು ಖಂಡಿತವಾಗಿ ತಿಳಿದುಕೊಂಡದ್ದು ಇದೊಂದೇ, ಉಳಿದ ಸಲಹೆಗಳೆಲ್ಲ ಇದರಿಂದಲೇ ಹೊರಟವು.

ಊರಿನ ಆರಾಧನೆಯನ್ನು ಫೋನಿನಲ್ಲಿ ನೋಡುತ್ತೇನೆ ಎಂದಿದ್ದೀ. ನೋಡು, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಬೆಳಿಗ್ಗೆ ಎಂಟೂವರೆ ಎಂದರೆ ಚಳಿಗಾಲದಲ್ಲಿ ನಮಗೆ ನಸುಕಿನ ನಾಲ್ಕು ಗಂಟೆ. ನೈಟ್ ಡ್ಯೂಟಿ ನಡುವೆ ಕಿವಿಗೆ ಒಂದು ತಂತಿ ಸಿಕ್ಕಿಸಿಕೊಂಡು ಕೇಳಿದ್ದಕ್ಕೆ ಸಮಾಧಾನಪಟ್ಟು ಇಲ್ಲಿನ ದೇವಾಲಯಕ್ಕೆ ಹೋಗುವುದನ್ನು ಬಿಟ್ಟವರು ವರ್ಷಗಟ್ಟಲೆ ಇಲ್ಲಿ ಯಾರ ಪರಿಚಯವೂ ಇಲ್ಲದೆ ಉಳಿಯುತ್ತಾರೆ. ಅಂಥವರನ್ನು ನೋಡಿ ನನಗೆ ಸಂಕಟವಾಗಿದೆ.

ಇನ್ನು ಇಲ್ಲಿ ಎಲ್ಲ ಪರಕೀಯ ಎನಿಸುತ್ತದೆ ಎಂಬ ನಿನ್ನ ಮಾತು. ನಮ್ಮ ಮನೆ ಪ್ರಾರ್ಥನೆಯ ಬೇರು ನೀನೀಗ ಇರುವ ಈ ವ್ಯುರ್ಟೆಂಬರ್ಗ್ ಸೀಮೆಯಲ್ಲೇ ಇದೆ. ಮನೆಗಳಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುವ ಕೂಟಗಳಿಗೆ ಇಲ್ಲಿನ ಆಡಳಿತ 1743ರಲ್ಲಿ ಅನುಮತಿ ಕೊಟ್ಟಿತು. ಮುಂದೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನಲ್ಲಿ ಈ ಸೀಮೆಯವರು ಬಹಳ ಮಂದಿ ಇದ್ದರು, ಇಂಥ ಮನೆಕೂಟಗಳ ಹವೆಯಲ್ಲೇ ಬೆಳೆದವರು. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ್ದು ಹತ್ತಿರದ ಬ್ರಾಕನ್‌ಹೈಮಿನಲ್ಲಿ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗನ್ನಿನಲ್ಲಿ. ಎಸ್-ಬಾನ್ ಎಂಬ ನಗರ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಎಸ್ಲಿಂಗನ್ ಬರುತ್ತದೆ, ಬಿಡುವಿದ್ದಾಗ ಹೋಗಿ ಬಾ. ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದ ಟ್ಯೂಬಿಂಗನ್ನೂ ದೂರವಿಲ್ಲ. ಆ ಮನೆಕೂಟಗಳು ಇವತ್ತಿಗೂ ಇವೆ, ‘ಹೌಸ್‌ಕ್ರೈಸ್’ ಎನ್ನುತ್ತಾರೆ. ನಿನ್ನ ಸಭೆಯ ಪಾಸ್ಟರರನ್ನು ಕೇಳು, ಯಾವ ವಾರ ಯಾರ ಮನೆಯಲ್ಲಿ ಎಂದು ಹೇಳುತ್ತಾರೆ.

ಯಾರೂ ಮಾತಾಡಿಸುವುದಿಲ್ಲ ಎಂಬುದು ಸ್ವಲ್ಪ ನಿಜ. ಇಲ್ಲಿಯವರು ತಾವಾಗಿ ಮೊದಲು ಮಾತಾಡುವುದು ಕಡಿಮೆ. ಅದು ತಿರಸ್ಕಾರವಲ್ಲ. ಆರಾಧನೆ ಮುಗಿದ ಮೇಲೆ ಕಾಫಿ ಇಟ್ಟಿರುವ ದಿನ ತಕ್ಷಣ ಹೊರಡಬೇಡ. ಕಪ್ಪು ತೊಳೆಯಲು ನಿಲ್ಲು. ಒಬ್ಬರ ಜೊತೆ ನಿಂತು ಪಾತ್ರೆ ಒರೆಸಿದರೆ ಮಾತು ತಾನಾಗಿ ಹುಟ್ಟುತ್ತದೆ, ಭಾಷೆ ತಪ್ಪಾದರೂ ನಡೆಯುತ್ತದೆ. ಇದಕ್ಕಿಂತ ಒಳ್ಳೆಯದು ಕ್ವಾಯರ್ ಸೇರುವುದು. ನಮ್ಮ ಕನ್ನಡ ಗೀತೆಗಳಲ್ಲಿ ಎಷ್ಟೋ ರಾಗಗಳು ಇಲ್ಲಿಂದಲೇ ಬಂದವು. ಆರ್ಗನ್ ಶುರುವಾದಾಗ ‘ಅರೆ, ಇದು ನಮ್ಮದೇ’ ಎನ್ನಿಸಿದರೆ ಆಶ್ಚರ್ಯಪಡಬೇಡ. ರಾಗ ಗೊತ್ತಿದ್ದರೆ ಜರ್ಮನ್ ಪದಗಳು ಬೇಗ ನಾಲಿಗೆಗೆ ಬರುತ್ತವೆ, ಉಚ್ಚಾರವೂ ತಿದ್ದಿಕೊಳ್ಳುತ್ತದೆ. ಹೊಸ ದನಿ ಬಂದರೆ ಅವರು ಬಹಳ ಖುಷಿಪಡುತ್ತಾರೆ.

ನಿನ್ನ ಆ ಮುದುಕರ ಬಗ್ಗೆ ಇನ್ನೊಂದು ಮಾತು. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಕೆಲವರು ಬೆಳಗಿನ ತಿಂಡಿಗೆ ಮೊದಲು ‘ಲೋಸುಂಗನ್’ ಓದುತ್ತಾರೆ. ಹೆರ್ನ್‌ಹುಟ್ ಎಂಬ ಊರಿನ ಸಭೆಯವರು 1731ರಿಂದ ಮುದ್ರಿಸುತ್ತ ಬಂದ ದಿನವಚನಗಳು ಅವು. ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ. ಮರೆವಿನ ಕಾಯಿಲೆಯಿಂದ ಮಗನ ಹೆಸರನ್ನೂ ಮರೆತ ಒಬ್ಬ ಅಜ್ಜಿ ಕೀರ್ತನೆಯ ವಚನ ಬಂದರೆ ಉಳಿದರ್ಧವನ್ನು ತಾವೇ ಹೇಳಿ ಮುಗಿಸುತ್ತಿದ್ದರು. ನಾನು ಅದೇ ವಚನವನ್ನು ನನ್ನ ಕನ್ನಡ ಬೈಬಲಿನಲ್ಲಿ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಲಿ ಶಿಫ್ಟಿಗೆ ಕತ್ತಲಲ್ಲೇ ಎದ್ದು ಹೋಗುವುದು ನನಗೆ ಭಾರವೆನಿಸದೆ ಹೋದದ್ದು ಆ ಅಜ್ಜಿಯಿಂದ. ನೀನು ದಿನವೂ ಇಂಥವರ ಹಾಸಿಗೆ ಪಕ್ಕ ನಿಲ್ಲುವವಳು. ಇವರನ್ನು ಬರೀ ಮುದುಕರು ಎಂದು ಎಣಿಸಬೇಡ ತಂಗಿ.

ಜನವರಿಯ ನಡುವಿನಿಂದ ಲಿಯೋನ್‌ಹಾರ್ಡ್ ದೇವಾಲಯಕ್ಕೂ ಒಮ್ಮೆ ಹೋಗು. 1995ರಿಂದ ಪ್ರತಿ ಚಳಿಗಾಲ ಕೆಲವು ವಾರ ಅದು ‘ಫೆಸ್ಪರ್‌ಕಿರ್ಶೆ’ ಆಗುತ್ತದೆ. ದೇವಾಲಯದೊಳಗೇ ಮೇಜು ಹಾಕಿ ಬಿಸಿಯೂಟ ಬಡಿಸುತ್ತಾರೆ. ಮನೆಯಿಲ್ಲದವರು, ಪಿಂಚಣಿ ಸಾಲದವರು, ಒಂಟಿಯಾದವರು ಬಂದು ಕೂರುತ್ತಾರೆ, ಹಣವಿದ್ದವರೂ ಅವರ ಪಕ್ಕದಲ್ಲೇ ಕೂತು ಉಣ್ಣುತ್ತಾರೆ. ಬಡಿಸಲು ಸ್ವಯಂಸೇವಕರು ಬೇಕು. ನಮ್ಮೂರ ಸಭೆಯ ಊಟದಲ್ಲಿ ಪಂಕ್ತಿಗೆ ಬಡಿಸಿ ರೂಢಿಯಿರುವವಳು ನೀನು, ಅಲ್ಲಿ ನಿನಗೆ ಭಾಷೆಯೂ ಅಷ್ಟಾಗಿ ಬೇಕಿಲ್ಲ.

ಸಭೆಯ ಸದಸ್ಯರಿಂದ ಸಂಬಳದಲ್ಲೇ ಹಿಡಿಯುವ ಚರ್ಚ್ ತೆರಿಗೆಯ ಬಗ್ಗೆಯೂ ಕೇಳಿದ್ದೀ. ಸಂಬಳದಲ್ಲಿ ಶೇಕಡಾ 8 ಹೋಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಅದು ಸಂಬಳದ ಮೇಲಲ್ಲ, ನೀನು ಕಟ್ಟುವ ಆದಾಯ ತೆರಿಗೆಯ ಶೇಕಡಾ 8. ಕೊಡುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಕೊನೆಗೆ ಒಂದು ಗಂಭೀರ ವಿಷಯ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡವೆನಿಸಿದರೆ ಪ್ರಾರ್ಥನೆಯ ಜೊತೆ ಡಾಕ್ಟರರನ್ನೂ ನೋಡು. ನೀನು ನರ್ಸ್, ರೋಗಿಗೆ ಇದನ್ನೇ ಹೇಳುತ್ತೀ. ರಾತ್ರಿ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಚರ್ಚುಗಳೇ ನಡೆಸುವ ಉಚಿತ ದೂರವಾಣಿ ಇದೆ, 0800 111 0 111. ನನಗೂ ಫೋನ್ ಮಾಡು, ಹೊತ್ತು ನೋಡಬೇಡ.

ನಮ್ಮ ಮನೆಯಲ್ಲಿ ತಿಂಗಳಿಗೊಂದು ಶನಿವಾರ ಪ್ರಾರ್ಥನೆ ಇರುತ್ತದೆ. ಕನ್ನಡದವರು ಕೆಲವರು, ಒಂದು ಮಲಯಾಳಿ ಕುಟುಂಬ, ಪಕ್ಕದ ಮನೆಯ ಜರ್ಮನ್ ದಂಪತಿ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಕೈಗೆ ಬಂದ ಕೂಡಲೇ ನಿನಗೆ ಯಾವ ಶನಿವಾರ ರಜೆ ಎಂದು ತಿಳಿಸು, ಅವತ್ತೇ ಇಟ್ಟುಕೊಳ್ಳೋಣ. ಗೀತೆಗಳ ಪುಸ್ತಕ ತಂದಿದ್ದರೆ ಜೊತೆಗೆ ತಾ, ನಮ್ಮಲ್ಲಿ ಇರುವುದು ಒಂದೇ.